ಔಷಧದಾನವೂ ಲೆಕ್ಕವೂ

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ದಾನದಲ್ಲಿ ಲೆಕ್ಕ ನೋಡಬಾರದೆಂದು ಹಲವರು ಹೇಳುತ್ತಾರೆ. ವ್ಯಾಪಾರಿಯಾದ ನನಗೆ ಆ ಮಾತು ಒಪ್ಪಿಗೆಯಿಲ್ಲ. ಇರುವ ಸಾಧನಗಳಿಂದ ಗರಿಷ್ಠ ಫಲ ಪಡೆಯುವುದನ್ನೇ ಅರ್ಥಶಾಸ್ತ್ರವು ದಕ್ಷತೆ ಎನ್ನುತ್ತದೆ.

ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ ಇದಕ್ಕೆ ನಿದರ್ಶನ. ಅಲ್ಲಿ ಒಂದು ಶಸ್ತ್ರಚಿಕಿತ್ಸೆ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನ ರೋಗಿ ಸಿದ್ಧನಾಗಿರುತ್ತಾನೆ. ವೈದ್ಯರ ಸಮಯ ವ್ಯರ್ಥವಾಗದು, ವೆಚ್ಚವೂ ತಗ್ಗುತ್ತದೆ. ಉಳ್ಳವರು ಕೊಟ್ಟ ಶುಲ್ಕದಿಂದ ಇಲ್ಲದವರಿಗೂ ದೃಷ್ಟಿ ದೊರೆಯುತ್ತದೆ.

ಆದರೆ ಎಣಿಕೆಯೇ ಫಲವಲ್ಲ. ಧರ್ಮಾಸ್ಪತ್ರೆ ನಡೆಸುವ ಬಸದಿಗಳ ವಿಶ್ವಸ್ತರು ವಾರ್ಷಿಕ ವರದಿಯಲ್ಲಿ ಎಷ್ಟು ರೋಗಿಗಳು ಬಂದರೆಂಬುದರೊಡನೆ ಎಷ್ಟು ಮಂದಿ ಗುಣಹೊಂದಿದರೆಂಬುದನ್ನೂ ಬರೆಯಲಿ. ಉಮಾಸ್ವಾಮಿಗಳು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡರು. ದಾನದ್ರವ್ಯವನ್ನು ಅಜಾಗರೂಕತೆಯಿಂದ ಕಳೆದರೆ ಬಾಗಿಲಲ್ಲಿ ಕಾದಿರುವ ಮತ್ತೊಬ್ಬ ರೋಗಿಯ ಪಾಲನ್ನೇ ಕಳೆದಂತೆ. ಅಂಥಲ್ಲಿ ಲೆಕ್ಕವಿಡುವುದೂ ಅಹಿಂಸೆಯ ಆಚರಣೆಯೇ.