ಹದಿನಾರರ ಹುಡುಗಿಗೊಂದು ಕಾದಂಬರಿ

ಯಾವುದಾದರೂ ಪುಸ್ತಕದ ಅಂಗಡಿಗೆ ಹೋಗಿ, ‘ಹದಿನಾರು ವರ್ಷದ ಹುಡುಗಿ ಓದುವಂಥ ಒಂದು ಕನ್ನಡ ಕಾದಂಬರಿ ಕೊಡಿ’ ಎಂದು ಕೇಳಿ ನೋಡಿ. ಒಂದೋ ಪಂಚತಂತ್ರದ ಕಡೆ ಕೈ ತೋರಿಸುತ್ತಾರೆ, ಇಲ್ಲವೇ ಭೈರಪ್ಪನವರ ಕಪಾಟಿನ ಮುಂದೆ ತಂದು ನಿಲ್ಲಿಸುತ್ತಾರೆ. ತೇಜಸ್ವಿ ಸಿಗುತ್ತಾರೆ, ನಿಜ. ಆದರೆ ಕರ್ವಾಲೋ ಹುಡುಕುವುದು ಹಾರುವ ಓತಿಯನ್ನು. ಒಡೆದ ಮನಸ್ಸು ಅವರ ವಿಷಯವಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ 9ರಿಂದ 16 ವಯಸ್ಸಿನವರ ಪುಸ್ತಕಗಳಿಗೆ. ಹಾಲುಹಲ್ಲು ಬೀಳುತ್ತಿರುವವಳೂ ಮೊದಲ ಪ್ರೀತಿ ಮುರಿದು ಕೂತವಳೂ ಒಂದೇ ಬುಟ್ಟಿಯಲ್ಲಿದ್ದಾರೆ.

ಇಂಗ್ಲಿಷಿನಲ್ಲಿ ಈ ನಡುವಿನ ವಯಸ್ಸಿನ ಕಪಾಟಿಗೆ ಯಂಗ್ ಅಡಲ್ಟ್ ಎಂಬ ಹೆಸರಿದೆ. 1967ರಲ್ಲಿ ‘ದಿ ಔಟ್‌ಸೈಡರ್ಸ್’ ಬಂದಾಗ ಅದನ್ನು ಬರೆದ ಎಸ್.ಇ. ಹಿಂಟನ್‌ಗೆ ಇನ್ನೂ 20 ತುಂಬಿರಲಿಲ್ಲ. ಆ ಕಪಾಟಿನ ಪ್ರೇಮಕತೆಗಳ ಜಾಡು ಸರಳ: ಹುಡುಗಿಗೆ ಪ್ರೀತಿಯಾಗುತ್ತದೆ, ಅದು ಮುರಿಯುತ್ತದೆ, ಅತ್ತು ಮುಗಿದ ಮೇಲೆ ತಾನು ಯಾರೆಂಬುದು ಅವಳಿಗೆ ತುಸು ತಿಳಿಯುತ್ತದೆ. ನನ್ನ ಪಿಎಚ್‌ಡಿ ಇಂಥ ಕಾದಂಬರಿಗಳ ಮೇಲೆಯೇ. ‘ಇದಕ್ಕೆ ಕನ್ನಡದ ಉದಾಹರಣೆ ಎಲ್ಲಮ್ಮಾ?’ ಎಂದು ಮಾರ್ಗದರ್ಶಕರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಒಂದು ನಾಟಕ, ಅದೂ ಘೋಡಗೇರಿಯವರು ಬರೆದದ್ದು.

ಘೋಡಗೇರಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹಳ್ಳಿ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರದ ಹಿಂದೆ ಈ ಊರಿದೆ. 1991ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಸಿರಿಸಂಪಿಗೆ’ ಜನಪದ ಕತೆಯಿಂದ ಎದ್ದು ಬಂದ ನಾಟಕ. ರಾಜಕುಮಾರನಿಗೆ ಮದುವೆ ಮಾಡಬೇಕೆಂದು ತಾಯಿಯ ಆಸೆ. ಅವನಿಗೋ ತನ್ನೊಳಗೇ ಇರುವ ಹುಡುಗಿ ಬೇಕು. ನನ್ನನ್ನು ಎರಡಾಗಿ ಸೀಳಿ ಎರಡು ಕೊಡಗಳಲ್ಲಿ ಇಡಿ ಎನ್ನುತ್ತಾನೆ. ಒಂದರಿಂದ ತಾನು, ಇನ್ನೊಂದರಿಂದ ತನ್ನ ಕನಸಿನವಳು ಎದ್ದು ಬರಬೇಕು. ಆದರೆ ಆ ಇನ್ನೊಂದು ಕೊಡದಿಂದ ಬರುವುದು ಹಾವು.

ಹದಿಹರೆಯದ ಪ್ರೀತಿಯನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಕತೆಯನ್ನು ನಾನು ಓದಿಲ್ಲ. ಆ ವಯಸ್ಸಿನಲ್ಲಿ ನಾವು ಪ್ರೀತಿಸುವುದು ಬಹುಮಟ್ಟಿಗೆ ನಮ್ಮದೇ ಅರ್ಧವನ್ನು. ಎದುರಿನವನು ಬೇರೆಯೇ ಒಂದು ಜೀವ, ಅವನಿಗೆ ಅವನದೇ ಮನಸ್ಸಿದೆ ಎಂದು ತಿಳಿದ ದಿನ ಎದೆ ಒಡೆಯುತ್ತದೆ.

ನಾಟಕದಲ್ಲಿ ಇನ್ನೊಬ್ಬಳಿದ್ದಾಳೆ, ಸೊಸೆಯಾಗಿ ಬಂದ ಸಿರಿಸಂಪಿಗೆ. ಗಂಡ ತನ್ನ ಕನಸಿನ ಗುಂಗಿನಲ್ಲಿ ಇವಳ ಕಡೆ ನೋಡುವುದೇ ಇಲ್ಲ. ತನ್ನನ್ನು ತಾನು ಹುಡುಕಿಕೊಳ್ಳುವ ಹಕ್ಕು ರಾಜಕುಮಾರನದು, ಆ ಹುಡುಕಾಟದ ಖರ್ಚು ಇವಳದು.

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಮನೆಯವರಿಗೆ ಒಂದು ಪತ್ರ ಸಿಕ್ಕಿತು. ಅಷ್ಟರೊಳಗೆ ಆ ಹುಡುಗ ಬೇರೆ ಊರಿಗೆ ಹೋಗಿ ಮಾತು ಬಿಟ್ಟಾಗಿತ್ತು. ಅವಳಿಗೆ ನೋವಾಗಿದೆಯೇ ಎಂದು ಯಾರೂ ಕೇಳಲಿಲ್ಲ. ‘ಮಂದಿ ಏನಂತಾರ?’ ಎಂಬುದೊಂದೇ ಮಾತು. ಪರೀಕ್ಷೆಗೆ ಮುಂಚೆಯೇ ಗಂಡು ನೋಡಿ ಕಾಲೇಜು ಬಿಡಿಸಿದರು. ‘ನನಗ ಅಳಾಕೂ ಬಿಡಲಿಲ್ಲ ನೋಡ’ ಎಂದಿದ್ದಳು. ಅವಳ ಎದೆಯ ಮಾತು ಮನೆತನದ ಮಾನದ ಮಾತಾಗಿ, ಅವಳ ಪಾಲಿಗೆ ಏನೂ ಉಳಿದಿರಲಿಲ್ಲ.

ಇವೆಲ್ಲ ಪಟ್ಟಣದವರ ಓದು, ನಮ್ಮ ಹಳ್ಳಿಯ ಮಕ್ಕಳಿಗೇಕೆ ಎಂದು ಸೆಮಿನಾರುಗಳಲ್ಲಿ ಕೇಳುವವರಿದ್ದಾರೆ. ಹಳ್ಳಿಯ ಹುಡುಗಿಯ ಕೈಯಲ್ಲಿ ಈಗ ಮೊಬೈಲಿದೆ. ಮುರಿದ ಪ್ರೀತಿಗೆ ಅಲ್ಲಿ ಅರ್ಧ ನಿಮಿಷದ ರೀಲ್ಸ್ ಸಿಗುತ್ತದೆ, ಒಂದು ಸ್ಟೇಟಸ್ ಸಿಗುತ್ತದೆ. ಯೋಚಿಸಲು ಪುರುಸೊತ್ತು ಸಿಗುವುದಿಲ್ಲ. ಕಾದಂಬರಿ ಕೊಡುವುದು ಆ ಪುರುಸೊತ್ತನ್ನು. ಇನ್ನೂರು ಪುಟಗಳ ತನಕ ಮಂದಿ ಏನಂತಾರೆ ಎಂದು ಯಾರೂ ಕೇಳದ ಜಾಗ ಅದು.

ಅಂಥದ್ದೊಂದನ್ನು ಯಾರಾದರೂ ಕನ್ನಡದಲ್ಲಿ ಬರೆಯುವುದಾದರೆ ಅದನ್ನು ಸಿರಿಸಂಪಿಗೆಯಂಥವಳೇ ಹೇಳಲಿ. ಅವಳಿಗೆ ಬೇರೆ ಕೋಣೆ ಇಲ್ಲದಿದ್ದರೆ ಹಿತ್ತಲಿನ ಬಾವಿಕಟ್ಟೆ ಸಾಕು. ಕೊನೆಯಲ್ಲಿ ಮದುವೆ ಬೇಡ, ಸಾವೂ ಬೇಡ. ಅತ್ತ ಕಣ್ಣು ತೊಳೆದುಕೊಂಡು, ಬೆಳಗಿನ ಬಸ್ಸು ಹಿಡಿದು, ಅವಳು ಪರೀಕ್ಷೆ ಬರೆಯಲು ಹೋಗಲಿ.