ಅನ್ನನಾಳದ ಅರ್ಬುದ ಮತ್ತು ಕಾರಣವಿಚಾರ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜಯನಗರಕ್ಕೆ ಈಶಾನ್ಯವಾಗಿ, ಹೊಸೂರು ರಸ್ತೆಯ ಮಗ್ಗುಲಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೆಂಬ ದೊಡ್ಡ ಆಸ್ಪತ್ರೆಯಿರುವುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜುವವರು “ಕಿದ್ವಾಯಿಗೆ ಹೋಗಿ ಬರಲು ಹೇಳಿದ್ದಾರೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೇಳಿದವರಿಗೆ ಅಷ್ಟರಿಂದಲೇ ಅರ್ಥವಾಗುತ್ತದೆ. ಲಕ್ಷಣಾವೃತ್ತಿಗೆ ಗಂಗೆಯ ಮೇಲಿನ ಹಳ್ಳಿಯನ್ನೇ ಉದಾಹರಿಸುತ್ತ ಬಂದಿರುವ ಅಲಂಕಾರಶಾಸ್ತ್ರದ ಪಾಠದಲ್ಲಿ ಈ ಹೊಸ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು.

ಈ ಸಂಸ್ಥೆಯು 1973ರಲ್ಲಿ ಆರಂಭವಾಯಿತು. ನಗರದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದಲ್ಲಿ ಅರ್ಬುದವುಂಟಾಯಿತೆಂಬ ಲೆಕ್ಕವನ್ನು 1982ರಿಂದ ಇಲ್ಲಿ ಬರೆದಿಡುತ್ತ ಬಂದಿದ್ದಾರೆ. ಮದರಾಸಿನಲ್ಲಿಯೂ ಅದೇ ವರ್ಷ ಇಂತಹ ದಾಖಲೆಯು ಮೊದಲಾಯಿತು, ಮುಂಬಯಿಯಲ್ಲಿ ಅದಕ್ಕೂ ಮೊದಲೇ ಇತ್ತು. ಬೆಂಗಳೂರಿನ ಲೆಕ್ಕದಲ್ಲಿ ಕಣ್ಣಿಗೆ ಹೊಡೆಯುವ ಅಂಶವೊಂದುಂಟು: ಇಲ್ಲಿಯ ಸ್ತ್ರೀಯರಲ್ಲಿ ಅನ್ನನಾಳದ ಅರ್ಬುದವು ಮೊದಲ ಸಾಲಿನ ಕೆಲವೇ ರೋಗಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಅನ್ನನಾಳವೆಂದರೆ ಗಂಟಲಿನಿಂದ ಜಠರದವರೆಗೆ ಹೆಚ್ಚು ಕಡಿಮೆ 25 ಸೆಂಟಿಮೀಟರು ಉದ್ದದ ಮೆತ್ತನೆಯ ಕೊಳವೆ. ತುತ್ತನ್ನು ಕೆಳಗಿಳಿಸುವುದೊಂದೇ ಅದರ ಕೆಲಸ. ಇಂತಹ ನಿರಪರಾಧಿಯಾದ ಅಂಗಕ್ಕೆ ಈ ವ್ಯಾಧಿ ಬರುವುದೇಕೆ?

ಬನಶಂಕರಿಯ ಒಂದು ಮನೆಯಲ್ಲಿ ಈ ಪ್ರಶ್ನೆ ವಿಲಕ್ಷಣವಾದ ರೂಪವನ್ನು ತಾಳಿತು. ಆ ಮನೆಯ ವೃದ್ಧೆಗೆ ಅನ್ನನಾಳದಲ್ಲಿ ಗಡ್ಡೆಯಿದೆಯೆಂದು ವೈದ್ಯರು ನಿರ್ಧರಿಸಿದರು. ಅರ್ಬುದಕ್ಕೆ ವಿಷಾಣು, ಅಂದರೆ ವೈರಸ್ಸು, ಕಾರಣವಾಗಬಹುದೆಂಬ ಮಾತನ್ನು ಮಗನು ಎಲ್ಲಿಯೋ ಓದಿಬಂದನು. ಮಾರನೆಯ ದಿನದಿಂದ ಆಕೆಯ ತಟ್ಟೆ ಲೋಟಗಳು ಹಿತ್ತಲಿನ ಗೂಡಿಗೆ ಹೋದುವು. ಮೊಮ್ಮಗಳು ಅಜ್ಜಿಯ ಹಾಸಿಗೆಯ ಬಳಿ ಸುಳಿಯಕೂಡದೆಂದಾಯಿತು. ಆ ಮುದುಕಿಗೆ ಗಡ್ಡೆಯ ನೋವಿಗಿಂತ ಗೂಡಿಗೆ ಹೋದ ಲೋಟದ ನೋವು ದೊಡ್ಡದಾಯಿತು. ಮಗನು ಕ್ರೂರಿಯಲ್ಲ, ಹೆದರಿದವನು. ಆದರೆ ಕೇಳಿಬಂದ ಅರೆಮಾತೊಂದು ಮನೆಯೊಳಗೆ ಎಷ್ಟು ದೂರ ನಡೆಯಬಲ್ಲುದೆಂಬುದನ್ನು ನೋಡಿದರೆ, ಆ ಮಾತನ್ನು ಬುಡದವರೆಗೂ ವಿಚಾರಿಸುವುದು ಅವಶ್ಯವೆನಿಸುತ್ತದೆ.

ಸಂಶಯವು ನಿರಾಧಾರವಾದುದಲ್ಲ. ವಿಷಾಣುವಿನಿಂದ ಅರ್ಬುದವುಂಟಾಗಬಹುದೆಂದು ಪೇಟನ್ ರೌಸ್ ಎಂಬ ಅಮೆರಿಕದ ವಿದ್ವಾಂಸನು 1911ರಲ್ಲಿಯೇ ಕೋಳಿಗಳಲ್ಲಿ ತೋರಿಸಿದ್ದನು. ಲೋಕವು ಅದನ್ನು ಒಪ್ಪಿ ಅವನಿಗೆ ನೊಬೆಲ್ ಪಾರಿತೋಷಕವನ್ನು ಕೊಡಲು 1966ರವರೆಗೆ ಕಾಯಬೇಕಾಯಿತು. ಮನುಷ್ಯರ ವಿಷಯದಲ್ಲಿ ಪ್ರಸಿದ್ಧವಾದುದು ನರಹುಲಿಯ ಜಾತಿಯ ವಿಷಾಣು, ಪ್ಯಾಪಿಲೋಮಾ. ಇದರಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಪ್ರಭೇದಗಳಿವೆ. ಅವುಗಳಲ್ಲಿ 16ನೆಯದನ್ನು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಎಂಬವರು 1983ರಲ್ಲಿ ಗರ್ಭಕೊರಳಿನ ಅರ್ಬುದದಲ್ಲಿ ಕಂಡುಹಿಡಿದರು. 2008ರಲ್ಲಿ ಅವರಿಗೂ ನೊಬೆಲ್ ದೊರೆಯಿತು. ಅದಕ್ಕೂ ಒಂದು ವರ್ಷ ಮೊದಲು, 1982ರಲ್ಲಿ, ಫಿನ್ಲೆಂಡಿನ ಕಾರಿ ಸಿರ್ಯಾನೆನ್ ಎಂಬವರು ಅನ್ನನಾಳದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಈ ವಿಷಾಣು ತಗಲಿದಾಗ ಕಾಣುವಂತಹ ವಿಕಾರಗಳೇ ಇಲ್ಲಿಯೂ ಇವೆಯೆಂದು ಬರೆದಿದ್ದರು. ಗರ್ಭಕೊರಳಿನ ಹೊರಮೈಯನ್ನೂ ಅನ್ನನಾಳದ ಒಳಮೈಯನ್ನೂ ಹೊದಿಸಿರುವುದು ಒಂದೇ ಬಗೆಯ ಚಪ್ಪಟೆ ಜೀವಕೋಶಗಳ ಪದರವಾದ್ದರಿಂದ ಊಹೆಯು ಯುಕ್ತವಾಗಿಯೇ ಇತ್ತು.

ಇಲ್ಲಿ ನಮ್ಮ ನೈಯಾಯಿಕರ ಮಾತು ಉಪಯೋಗಕ್ಕೆ ಬರುತ್ತದೆ. ಕಾರಣವೆನಿಸಿಕೊಳ್ಳಬೇಕಾದುದು ಕಾರ್ಯಕ್ಕೆ ಮೊದಲು ತಪ್ಪದೆ ಇರಬೇಕು. ಅಷ್ಟು ಸಾಲದು, ಅದನ್ನು ಬಿಟ್ಟರೂ ಕಾರ್ಯವು ನಡೆಯುತ್ತಿತ್ತೆಂದು ಹೇಳುವಂತೆ ಇರಕೂಡದು. ಮಡಕೆ ಹುಟ್ಟುವುದಕ್ಕೆ ಮೊದಲು ಮಣ್ಣಿತ್ತು, ತಿಗರಿಯಿತ್ತು, ಅದನ್ನು ತಿರುಗಿಸುವ ಕೋಲಿತ್ತು, ಕುಂಬಾರನಿದ್ದನು. ಮಣ್ಣು ಹೊತ್ತು ತಂದ ಕತ್ತೆಯೂ ಬಾಗಿಲಲ್ಲಿ ನಿಂತಿತ್ತು. ಹಾಗೆಂದು ಕತ್ತೆಯು ಮಡಕೆಗೆ ಕಾರಣವಲ್ಲ. ಕುಂಬಾರನು ತಾನೇ ಮಣ್ಣನ್ನು ಹೊತ್ತು ತಂದಿದ್ದರೂ ಮಡಕೆ ಆಗುತ್ತಿತ್ತು. ಹೀಗೆ ಕಾರ್ಯದ ಹತ್ತಿರವಿದ್ದೂ ಅದಕ್ಕೆ ಬೇಡವಾದುದನ್ನು ಅವರು ಅನ್ಯಥಾಸಿದ್ಧವೆಂದು ಕರೆದರು. ಗಡ್ಡೆಯಲ್ಲಿ ಸಿಕ್ಕಿದ ವಿಷಾಣುವು ಕುಂಬಾರನ ಕೋಲೋ, ಕುಂಬಾರನ ಕತ್ತೆಯೋ ಎಂಬುದೇ ಪ್ರಶ್ನೆ.

ಗರ್ಭಕೊರಳಿನ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ನಾನಾ ದೇಶಗಳ ಗಡ್ಡೆಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 99.7ರಲ್ಲಿ ಈ ವಿಷಾಣುವಿತ್ತು, ಇದು ಅನ್ವಯ. ಹುಡುಗಿಯರಿಗೆ ಲಸಿಕೆ ಹಾಕಿದಲ್ಲಿ ರೋಗವು ಬಹಳ ಮಟ್ಟಿಗೆ ಇಳಿಯಿತೆಂದು ಸ್ವೀಡನ್ನಿನವರು 2020ರಲ್ಲಿ ತೋರಿಸಿದರು, ಇದು ವ್ಯತಿರೇಕ. ಎರಡೂ ಕೂಡಿದ ಮೇಲೆ ವಾದಕ್ಕೆ ಎಡೆಯಿಲ್ಲ. ಅನ್ನನಾಳದಲ್ಲಿ ಇಂತಹ ನಿಯಮ ಕಾಣುವುದಿಲ್ಲ. ಚೀನಾದ ಕೆಲವು ಪ್ರಾಂತಗಳಲ್ಲಿ ಅರ್ಧದಷ್ಟು ಗಡ್ಡೆಗಳಲ್ಲಿ ವಿಷಾಣು ಸಿಕ್ಕಿತೆಂದು ಬರೆದವರುಂಟು. ಒಂದರಲ್ಲಿಯೂ ಇಲ್ಲವೆಂದು ಬರೆದವರೂ ಉಂಟು. ಒಂದು ಕಣವನ್ನು ಕೋಟಿಯಾಗಿ ಬೆಳೆಸಿ ತೋರಿಸುವ ಈಗಿನ ಪರೀಕ್ಷಾವಿಧಾನದಲ್ಲಿ ಮೇಜಿನ ಮೇಲಿನ ಧೂಳೂ ಸಾಕ್ಷಿ ಹೇಳಿಬಿಡುವ ಸಂಭವವಿದೆಯೆಂಬುದನ್ನು ಮರೆಯಬಾರದು.

ಆದರೂ ಪ್ರತಿವಾದಿಯು ಸುಮ್ಮನಾಗಬೇಕಾಗಿಲ್ಲ. ಕೋಲು ಮಡಕೆಗೆ ನಿಮಿತ್ತಕಾರಣವೇ ಸರಿ, ಆದರೆ ಮಡಕೆಯನ್ನು ಒಡೆದು ನೋಡಿದರೆ ಅದರೊಳಗೆ ಕೋಲು ಸಿಕ್ಕುವುದಿಲ್ಲವಷ್ಟೆ! ಇದಕ್ಕೆ ಸ್ಕಾಟ್ಲೆಂಡಿನ ದನಗಳು ಒಳ್ಳೆಯ ದೃಷ್ಟಾಂತ. ಅಲ್ಲಿಯ ಪಶ್ಚಿಮದ ಗುಡ್ಡಗಾಡಿನಲ್ಲಿ ಮೇಯುವ ದನಗಳಿಗೆ ಅನ್ನನಾಳದ ಅರ್ಬುದವು ವಿಶೇಷವಾಗಿ ಬರುತ್ತಿದ್ದುದನ್ನು ಗ್ಲಾಸ್ಗೋವಿನ ಪಶುವೈದ್ಯ ವಿಲಿಯಂ ಜಾರೆಟ್ ಮತ್ತು ಅವರ ಸಂಗಡಿಗರು ವಿಚಾರಿಸಿ 1978ರಲ್ಲಿ ಪ್ರಕಟಿಸಿದರು. ದನಗಳಿಗೆ ಅವುಗಳದೇ ಪ್ಯಾಪಿಲೋಮಾ ವಿಷಾಣು ತಗಲಿ ಬಾಯಿ ಗಂಟಲುಗಳಲ್ಲಿ ನರಹುಲಿಗಳು ಏಳುತ್ತಿದ್ದುವು. ಬೇರೆಡೆಯ ದನಗಳಲ್ಲಿ ಅವು ತಾವಾಗಿ ಉದುರಿಹೋಗುತ್ತಿದ್ದುವು. ಗುಡ್ಡಗಾಡಿನ ದನಗಳು ಬ್ರಾಕೆನ್ ಎಂಬ ಒಂದು ಜಾತಿಯ ಜರಿಗಿಡವನ್ನು ಮೇಯುತ್ತಿದ್ದುವು. ಆ ಗಿಡದ ವಿಷವೂ ನರಹುಲಿಯೂ ಕೂಡಿದಲ್ಲಿ ಮಾತ್ರ ಅರ್ಬುದವಾಯಿತು. ಇದಕ್ಕಿಂತಲೂ ಆಶ್ಚರ್ಯದ ಮಾತು ಮುಂದಿದೆ. 1985ರಲ್ಲಿ ಅಲ್ಲಿಯವರೇ ಬಲಿತ ಗಡ್ಡೆಗಳನ್ನು ಹುಡುಕಿ ನೋಡಿದಾಗ ವಿಷಾಣುವಿನ ಅಂಶವು ಅವುಗಳಲ್ಲಿ ಉಳಿದಿರಬೇಕಾಗಿಯೇ ಇಲ್ಲವೆಂದು ತಿಳಿದುಬಂದಿತು. ಕೋಲು ತನ್ನ ಕೆಲಸವನ್ನು ಮುಗಿಸಿ ಹೊರಟುಹೋಗಿತ್ತು.

ಹೀಗಿರುವಾಗ ಮನುಷ್ಯರಲ್ಲಿಯೂ ಗಡ್ಡೆಯೊಳಗೆ ಹುಡುಕುವುದೊಂದರಿಂದಲೇ ನಿರ್ಣಯವಾಗದು. ಕೋಲು ಹಿಂದೆ ಎಂದಾದರೂ ಮನೆಯಲ್ಲಿತ್ತೇ ಎಂದು ಕೇಳಬೇಕು. ಹಿಂದೆ ತಗಲಿದ ವಿಷಾಣುವಿನ ಗುರುತು ರಕ್ತದಲ್ಲಿ ಪ್ರತಿಕಾಯಗಳ ರೂಪದಿಂದ ಬಹುಕಾಲ ನಿಲ್ಲುವುದುಂಟು. ಬೇರೆ ಬೇರೆ ದೇಶಗಳ ಆರು ಅಧ್ಯಯನಗಳಿಂದ 1,561 ಮಂದಿ ರೋಗಿಗಳ ಮತ್ತು 2,502 ಮಂದಿ ಇತರರ ರಕ್ತವನ್ನು ಒಂದೆಡೆ ಸೇರಿಸಿ ಪರೀಕ್ಷಿಸಿದ ಫಲವು 2012ರಲ್ಲಿ ಹೊರಬಂದಿತು. 16ನೆಯ ಪ್ರಭೇದದ ಒಂದು ಗುರುತು ರೋಗಿಗಳಲ್ಲಿ ತುಸು ಹೆಚ್ಚಾಗಿದ್ದರೂ, ಅದು ಎರಡು ಗುಂಪಿನಲ್ಲಿಯೂ ತೀರ ಅಪರೂಪವಾಗಿತ್ತು. ಸಂಬಂಧಕ್ಕೆ ಸಿಕ್ಕಿದ ಆಧಾರ ಅಲ್ಪವೆಂದೇ ಅವರು ತೀರ್ಮಾನಿಸಿದರು.

ಮತ್ತೊಂದು ಸಾಕ್ಷಿ ಇದಕ್ಕಿಂತ ಬಲವಾದುದು. ನಮ್ಮ ಜೀವಕೋಶಗಳಲ್ಲಿ ಪಿ53 ಎಂಬ ಕಾವಲುಗಾರನಿದ್ದಾನೆ. ಪ್ಯಾಪಿಲೋಮಾ ವಿಷಾಣುವು ತಾನೇ ಅವನನ್ನು ಕೊಲ್ಲುತ್ತದೆಯಾದ್ದರಿಂದ, ಅದರಿಂದುಂಟಾದ ಗಡ್ಡೆಗಳಲ್ಲಿ ಆ ಕಾವಲುಗಾರನ ಮೂಲಲಿಪಿಯು ಸಾಮಾನ್ಯವಾಗಿ ಕೆಡದೆಯೇ ಇರುತ್ತದೆ. ಅನ್ನನಾಳದ ಚಪ್ಪಟೆ ಕೋಶಗಳ ಅರ್ಬುದದಲ್ಲಾದರೋ ಆ ಲಿಪಿಯೇ ಬಹುಪಾಲು ಗಡ್ಡೆಗಳಲ್ಲಿ ತಿದ್ದಿಹೋಗಿರುವುದು ಕಾಣುತ್ತದೆ. ಕಳ್ಳನ ಕೈಬರೆಹವೇ ಬೇರೆ. ಗಡ್ಡೆಗಳ ಸಮಗ್ರ ಲಿಪಿಯನ್ನು ಓದಿ 2017ರಲ್ಲಿ ಪ್ರಕಟಿಸಿದ ದೊಡ್ಡ ಪರಿಶೋಧನೆಯಲ್ಲಿಯೂ ಈ ವಿಷಾಣುವಿನ ಕರ್ತೃತ್ವಕ್ಕೆ ಆಧಾರ ದೊರೆಯಲಿಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ಯಾರ ಕೈಬರೆಹ? ಕಿದ್ವಾಯಿ ಸಂಸ್ಥೆಯ ದಾಖಲೆಯ ನೆರವಿನಿಂದ ಡಾಕ್ಟರ್ ಎ. ನಂದಕುಮಾರ್ ಮತ್ತು ಸಂಗಡಿಗರು ಅನ್ನನಾಳದ ಅರ್ಬುದವಿದ್ದ 343 ಮಂದಿಯನ್ನು, ಅದೇ ವಯಸ್ಸಿನ ಅದರ ಎರಡರಷ್ಟು ಇತರರೊಡನೆ ಹೋಲಿಸಿ 1996ರಲ್ಲಿ ಬರೆದ ಲೇಖನವಿದೆ. ಎಲೆಯಡಿಕೆ ಜಗಿಯುವುದು, ಹೊಗೆಸೊಪ್ಪಿದ್ದರೂ ಇಲ್ಲದಿದ್ದರೂ, ಅಪಾಯವನ್ನು ಹೆಚ್ಚಿಸುತ್ತದೆಯೆಂದೂ, ಗಂಡಸರಲ್ಲಿ ಬೀಡಿಯೂ ಹಾಗೆಯೇ ಎಂದೂ ಅದರಲ್ಲಿ ಕಂಡುಬಂದಿತು. ಬನಶಂಕರಿಯ ಆ ವೃದ್ಧೆಯೂ ನಲವತ್ತು ವರ್ಷ ಎಲೆಯಡಿಕೆಗೆ ಕಡ್ಡಿಪುಡಿಯನ್ನು ಸೇರಿಸಿ ಜಗಿದವಳೇ. ಗೂಡಿಗೆ ಲೋಟವನ್ನು ಕಳಿಸಿದ ಮನೆಯವರು ಆಕೆಯ ಎಲೆಯಡಿಕೆಯ ಚೀಲವನ್ನು ಮಾತ್ರ ದಿಂಬಿನ ಕೆಳಗೇ ಬಿಟ್ಟಿದ್ದರು!

ಇದನ್ನು ಹೇಳುವಾಗ ಸಂಪ್ರದಾಯಸ್ಥರ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ತಾಂಬೂಲಕ್ಕೆ ಹದಿಮೂರು ಗುಣಗಳನ್ನು ಹೇಳಿದ ಸುಭಾಷಿತವನ್ನು ಬಾಯಿಪಾಠ ಮಾಡಿದವರು ಇನ್ನೂ ಇದ್ದಾರೆ. ಆ ಕವಿಯ ಪರವಾಗಿ ಇಷ್ಟನ್ನು ಹೇಳಬಹುದು: ಹೊಗೆಸೊಪ್ಪು ಅಮೆರಿಕದ ಗಿಡ, ಪೋರ್ಚುಗೀಸರು ತಂದ ಮೇಲೆ ಈ ದೇಶದಲ್ಲಿ ಹರಡಿತು. ಪ್ರಾಚೀನರ ತಾಂಬೂಲದಲ್ಲಿ ಅದಿರಲಿಲ್ಲ. ಆದರೆ ಈ ಸಮಾಧಾನವೂ ಪೂರ್ಣವಾಗಿ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಲಿಯೋನ್ ಪಟ್ಟಣದ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಅಡಿಕೆಯನ್ನೇ ಅರ್ಬುದಕಾರಕವೆಂದು ಸಾರಿತು. 2012ರಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯಿಂದಲೂ ಬಾಯಿ ಮತ್ತು ಅನ್ನನಾಳಗಳಿಗೆ ಈ ರೋಗವುಂಟಾಗುತ್ತದೆಂದು ಹೇಳಿತು. ಅದೇ ವರ್ಷ ಪ್ಯಾಪಿಲೋಮಾದ 16ನೆಯ ಪ್ರಭೇದದಿಂದ ಅರ್ಬುದವಾಗುವ ಅಂಗಗಳೆಂದು ಅದು ಪಟ್ಟಿಮಾಡಿದ ಗರ್ಭಕೊರಳು, ಬಾಯಿ, ಗಂಟಲು ಮೊದಲಾದುವುಗಳಲ್ಲಿ ಅನ್ನನಾಳದ ಹೆಸರಿಲ್ಲ. ಮಲೆನಾಡಿನ ಅಡಿಕೆತೋಟದವರಿಗೆ ಇದು ಕಹಿಯಾದ ಮಾತು. ಅನ್ನದ ಪ್ರಶ್ನೆ ಅವರದೂ ಹೌದು. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನೂ ಅದೇ ಮಂಡಲಿಯು 2016ರಲ್ಲಿ ಬಹುಶಃ ಅರ್ಬುದಕಾರಕಗಳ ವರ್ಗಕ್ಕೆ ಸೇರಿಸಿದೆ. ದೋಷವು ಕಾಫಿಯದಲ್ಲ, ಬಿಸಿಯದು. ಗಾಂಧಿಬಜಾರಿನ ಉಪಾಹಾರಗೃಹಗಳ ಮುಂದೆ ಹಬೆಯಾಡುವ ಲೋಟವನ್ನು ಹಾಗೆಯೇ ಗಂಟಲಿಗೆ ಸುರಿದುಕೊಳ್ಳುವ ಶೂರರು ಒಂದೆರಡು ನಿಮಿಷ ತಡೆದರೆ ಸಾಕು.

ವಿಷಾಣುವಿಗೆ ಅನ್ನನಾಳದಲ್ಲಿ ಪಾಲಿದೆಯೆಂದು ನಾಳೆ ಸಿದ್ಧವಾದರೂ ಹಿತ್ತಲಿನ ಗೂಡಿಗೆ ಸಮರ್ಥನೆ ಸಿಕ್ಕುವುದಿಲ್ಲ. ಪ್ಯಾಪಿಲೋಮಾದ ಈ ಪ್ರಭೇದಗಳು ಮುಖ್ಯವಾಗಿ ದೇಹಸಂಪರ್ಕದಿಂದ ಹರಡತಕ್ಕವು. ಲೋಕದಲ್ಲಿ ಹೆಚ್ಚು ಮಂದಿಗೆ ಒಮ್ಮೆಯಾದರೂ ತಗಲಿ, ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾವಾಗಿ ಹೋಗುತ್ತವೆ. ಗಡ್ಡೆಯಂತೂ ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ಆ ವೃದ್ಧೆಯು ಅಂಜುತ್ತಲೇ ಕೇಳಿದಾಗ ವೈದ್ಯರು ಹೇಳಿದ್ದೂ ಇದನ್ನೇ. ಮೊಮ್ಮಗಳು ಮತ್ತೆ ಅಜ್ಜಿಯ ಹಾಸಿಗೆಯ ಮೇಲೆ ಕುಳಿತು ಪಾಠ ಓದಿದಳು.

ಆಕೆಯ ರೋಗವು ತಡವಾಗಿ ಗೊತ್ತಾದುದಕ್ಕೆ ಕಾರಣ ಬೇರೆಯೇ ಇತ್ತು. ಮೊದಲು ರಾಗಿಮುದ್ದೆ ಇಳಿಯಲಿಲ್ಲ, ಅನ್ನ ಉಂಡಳು. ಅನ್ನ ತಡೆಯಿತು, ಮೆತ್ತಗೆ ಕಲಸಿ ಉಂಡಳು. ಅದೂ ನಿಂತಾಗ ಗಂಜಿ ಕುಡಿದಳು. ವಯಸ್ಸಾಯಿತೆಂದು ಮನೆಯವರು ಅಂದುಕೊಂಡರು, ಆಕೆಯೂ ಅಂದುಕೊಂಡಳು. ಹಿಗ್ಗಬಲ್ಲ ಕೊಳವೆಯಾದ್ದರಿಂದ ಅನ್ನನಾಳವು ಬಹಳ ಭಾಗ ಮುಚ್ಚಿಹೋಗುವವರೆಗೂ ದೂರು ಹೇಳುವುದಿಲ್ಲ. ಗಟ್ಟಿಯಾದ ತುತ್ತು ಎದೆಯಲ್ಲಿ ತಡೆದಂತಾದ ಮೊದಲ ವಾರಗಳಲ್ಲಿಯೇ ಹೋದರೆ, ವೈದ್ಯರು ಬಾಯಿಂದ ತೆಳ್ಳನೆಯ ದರ್ಶಕನಳಿಕೆಯನ್ನು ಇಳಿಸಿ ಕೆಲವೇ ನಿಮಿಷಗಳಲ್ಲಿ ಒಳಗನ್ನು ನೋಡಬಲ್ಲರು.