ಬಾಗಿದ ಹೆಡ್ಡು

ನಿಪ್ಪಾಣಿಯ ಶ್ರಾವಕರೊಬ್ಬರು ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಸ್ತವನಿಧಿ ಘಾಟ ಏರುವಾಗ ರೇಡಿಯೇಟರಿನ ನೀರು ಕುದಿಯಿತು. ದರ್ಶನದ ಆತುರದಲ್ಲಿ ಅವರು ಗಾಡಿ ನಿಲ್ಲಿಸಲಿಲ್ಲ. ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣ. ಮೇಲಿನ ಹೆಡ್ಡು ಅಲ್ಯೂಮಿನಿಯಂ, ಕಾವಿಗೆ ಅದರ ಇಮ್ಮಡಿಯಷ್ಟು ಹಿಗ್ಗುವಂಥದು. ಬಾಗದೆ ಇನ್ನೇನಾದೀತು? ಬಾಗನ್ನು ಯಂತ್ರದಲ್ಲಿ ಸವರಿ ತಿದ್ದಬಹುದಿತ್ತು; ಆದರೆ ವಾಲ್ವುಗಳ ನಡುವೆ ಸೀಳೂ ಕಂಡಿತು. ಬೇರೆ ಹೆಡ್ಡು ಕೂಡಿಸಬೇಕಾಯಿತು.

ಪ್ರಶ್ನೆ ಉಳಿದದ್ದು ಹಳೆಯದರದು. “ಸಾವಕಾರ್ರ, ವೆಲ್ಡಿಂಗ್ ಹಾಕಿ ಮೈ ಉಜ್ಜಿಸಿದರ ಚಲೋ ಮಾಲಂತ ಹೋಗತೈತಿ” ಎಂದ ಮಿಸ್ತ್ರಿ.

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಹುಸಿ ಮಾಲನ್ನು ಅಸಲೆಂದು ಮಾರುವುದು. ತುಪ್ಪ, ಬಂಗಾರಗಳಿಗಷ್ಟೇ ಅದನ್ನು ಅನ್ವಯಿಸಿ ಸುಮ್ಮನಾಗುವುದು ವ್ಯಾಪಾರಿಗಳ ರೂಢಿ. ಶ್ರಾವಕರು ಹೆಡ್ಡನ್ನು ಸುತ್ತಿಗೆಯಿಂದ ಒಡೆಯಿಸಿ, ತೂಕದ ಮೇಲೆ ಗುಜರಿಗೆ ಕೊಟ್ಟರು. ಬಂದ ಹಣ ಗ್ಯಾಸ್ಕೆಟ್ಟಿನ ಬೆಲೆಗೂ ಸಾಲಲಿಲ್ಲ.